ತಲೆಯಿಲ್ಲದ ಗೂಬೆ

ಬಿಸ್ಕತ್ತಿನ ಜಾಡಿಗಳ ಲೋಕದಲ್ಲಿ ಮೊದಲು ಸಾಯುವುದು ಮುಚ್ಚಳ. ಇದು ಡಬ್ಬಿ ಸಾಹೇಬರು ಅನುಭವದಿಂದ ಕಂಡುಕೊಂಡ ಸತ್ಯ. ಜಾಡಿಗೇನು, ಕಪಾಟಿನ ಮೇಲೆ ಹೊಟ್ಟೆ ಬಿಟ್ಟುಕೊಂಡು ತಣ್ಣಗೆ ಕೂತಿರುತ್ತದೆ. ಮುಚ್ಚಳ ಮಾತ್ರ ದಿನವಿಡೀ ಎದ್ದು ಕೂತು ಮಾಡಬೇಕು. ಹಸಿದ ಮಕ್ಕಳ ಕೈ, ಪಾತ್ರೆ ತೊಳೆಯುತ್ತಿದ್ದವರ ಒದ್ದೆ ಕೈ, ಡಾಕ್ಟರು ಬೇಡವೆಂದದ್ದನ್ನು ಕದ್ದು ತಿನ್ನುವವರ ನಡುಗುವ ಕೈ, ಎಲ್ಲವನ್ನೂ ತಾಳಬೇಕು. ಹೀಗಾಗಿ ಪ್ರಪಂಚದ ತುಂಬ ತಲೆಯಿಲ್ಲದ ಜಾಡಿಗಳು ಬೇಕಾದಷ್ಟು ಬಿದ್ದಿವೆ. ಜಾಡಿಯಿಲ್ಲದ ತಲೆ ಮಾತ್ರ ಅಪರೂಪ. ಅಂಥದ್ದೊಂದು ತಲೆ ಸಾಹೇಬರ ಬಳಿ ಇತ್ತು.

ಅದು ಗೂಬೆಯ ತಲೆ. ಒಂದು ಕಣ್ಣು ಬಿಟ್ಟು ಒಂದು ಕಣ್ಣು ಮುಚ್ಚಿದ್ದ, ನೆತ್ತಿಯ ಮೇಲೆ ಪದವೀಧರರ ಟೋಪಿ ಹಾಕಿದ್ದ ಪಿಂಗಾಣಿ ಗೂಬೆ. ಹಳೆ ಸಾಮಾನಿನ ಅಂಗಡಿಯವನು ಅದನ್ನು ರಸೀತಿಗಳು ಹಾರದಂತೆ ಭಾರಕ್ಕಿಟ್ಟುಕೊಂಡಿದ್ದ. ಸಾಹೇಬರು ಕೊಂಡು ತಂದು, ಮನೆಯ ಗೋಡೆಗೆ ಹೊಡೆಸಿದ್ದ ಹಲಗೆಗಳ ನಟ್ಟನಡುವೆ ಇಟ್ಟರು. ಎಡಗಡೆಗೆ ದಪ್ಪ ಅಡುಗೆಯವಳ ಜಾಡಿ, ರೈಲು ಇಂಜಿನ್ನಿನ ಜಾಡಿ, ಕಿವಿ ಮುರಿದ ಬೆಕ್ಕಿನ ಜಾಡಿ. ಬಲಗಡೆಗೆ ದುಡ್ಡು ಕೂಡಿಡುವ ಡಬ್ಬಿಗಳು: ನಾಲಿಗೆಯ ಮೇಲೆ ನಾಣ್ಯ ಇಟ್ಟರೆ ನುಂಗಿ ಕಣ್ಣು ಹೊರಳಿಸುವ ಕಬ್ಬಿಣದ ಕಪ್ಪೆ, ಹೊಗೆಕೊಳವೆಯಲ್ಲಿ ಕಾಸು ಹಾಕಬೇಕಾದ ತಗಡಿನ ಮನೆ, ಬೆನ್ನಲ್ಲಿ ಸೀಳುಳ್ಳ ಹಂದಿಗಳ ಒಂದು ಸಂಸಾರ. ದುಡ್ಡು ಕೂಡಿಡುವ ಡಬ್ಬಿಗಳನ್ನು ಕೊಂಡೇ ದುಡ್ಡೆಲ್ಲ ಹೋಯಿತು ಎಂದು ಅವರ ಹೆಂಡತಿ ಹೇಳುತ್ತಿದ್ದರು. ಅದು ನಿಜವೇ ಆದ್ದರಿಂದ ಸಾಹೇಬರು ಉತ್ತರ ಕೊಡುತ್ತಿರಲಿಲ್ಲ. ನಡುವೆ ಕೂತ ಗೂಬೆ, ಕತ್ತಿನಿಂದ ಕೆಳಗೆ ಏನೂ ಇಲ್ಲದೆ, ಇಬ್ಬರನ್ನೂ ಒಂದು ಕಣ್ಣಿನಿಂದ ನೋಡುತ್ತಿತ್ತು.

ಸಾಹೇಬರಿಗೆ ಸಂಬಳ ಕೊಡುತ್ತಿದ್ದದ್ದು ನೀರಿನ ಕಚೇರಿ. ಅಲ್ಲಿ ಅವರು ಮೀಟರ್ ರಿಪೇರಿ ಕೋಣೆಯಲ್ಲಿ ಕೂರುತ್ತಿದ್ದರು. ಒಂದು ದಿನ ಬೆಳಿಗ್ಗೆ, ರವಾನೆ ವಿಭಾಗದವರೊಬ್ಬರು ತೀರಿಕೊಂಡರೆಂಬ ಸುದ್ದಿ ಕಚೇರಿಗೆ ಬಂತು. ಯಾರು ಎಂದು ಸೂಪರಿಂಟೆಂಡೆಂಟರು ಕೇಳಿದರು. ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಮೀಸೆಯವರಿರಬೇಕು ಎಂದು ಒಬ್ಬರು ಅಂದರು. ಮೀಸೆಯವರು ಅಲ್ಲೇ ನಿಂತಿದ್ದರು, ಬಹಳ ಬೇಜಾರು ಮಾಡಿಕೊಂಡರು. ಕಿಟಕಿ ಪಕ್ಕ ಕೂರುತ್ತಿದ್ದವರು ಎಂದು ಇನ್ನೊಬ್ಬರು ಅಂದರು. ಕಿಟಕಿ ಪಕ್ಕ ಈಗ ಯಾರೂ ಇಲ್ಲದಿದ್ದುದರಿಂದ ಅದೇ ಸರಿಯೆಂದು ತೀರ್ಮಾನವಾಯಿತು. ಇಡೀ ಸೇವಾವಧಿಯನ್ನು ಆ ಕುರ್ಚಿಯಲ್ಲಿ ಕಳೆದ ಮನುಷ್ಯನನ್ನು ಕುರ್ಚಿ ಖಾಲಿಯಾದ ಮೇಲೆ ಗುರುತು ಹಿಡಿದರು.

ಕಚೇರಿಯ ಪರವಾಗಿ ಹೂಗುಚ್ಛ ಹಿಡಿದು ಯಾರಾದರೂ ಹೋಗಬೇಕಿತ್ತು. ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ಮಗಳ ಪರೀಕ್ಷೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಎಲ್ಲರೂ ತಲೆ ತಗ್ಗಿಸಿದ್ದ ಹೊತ್ತಿನಲ್ಲಿ ಸಾಹೇಬರು ಯಾವುದೋ ಮೀಟರಿನ ಹಲ್ಲುಚಕ್ರ ಬೆಳಕಿಗೆ ಹಿಡಿದು ನೋಡುತ್ತ ತಲೆ ಎತ್ತಿಬಿಟ್ಟರು. ಸಾವಿನ ಮನೆ, ಹತ್ತು ನಿಮಿಷ ಕೂತು ಎದ್ದು ಬನ್ನಿ, ಮಾತಾಡುವ ಅಗತ್ಯವಿಲ್ಲ, ನಿಟ್ಟುಸಿರು ಬಿಟ್ಟರೆ ಸಾಕು ಎಂದು ಸೂಪರಿಂಟೆಂಡೆಂಟರು ಹೇಳಿ ಕಳಿಸಿದರು.

ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಹಡಿ. ಹೂವಿನಂಗಡಿಯವನು ಅಭ್ಯಾಸಬಲದಿಂದ ಗುಚ್ಛಕ್ಕೆ ಸಿಕ್ಕಿಸಿದ್ದ ‘ಶುಭಾಶಯಗಳು’ ಎಂಬ ಚೀಟಿಯನ್ನು ಸಾಹೇಬರು ಎರಡನೆಯ ಮಹಡಿಯಲ್ಲಿ ಗಮನಿಸಿ ಕಿತ್ತು ಜೇಬಿಗಿಟ್ಟುಕೊಂಡರು. ಮೇಲೆ ಬಾಗಿಲು ತೆರೆದಿತ್ತು. ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳು ಗೋಡೆಯುದ್ದಕ್ಕೂ ಇದ್ದವು, ಅವು ತುಂಬುವಷ್ಟು ಜನ ಮಾತ್ರ ಇರಲಿಲ್ಲ. ತರಿಸಿದವರಿಗೆ ಜನ ಬರುತ್ತಾರೆಂಬ ನಂಬಿಕೆಯಿತ್ತು ಎಂಬುದೇ ಆ ಕೋಣೆಯ ಅತ್ಯಂತ ದುಃಖದ ಸಂಗತಿ. ಮೇಜಿನ ಮೇಲಿನ ಫೋಟೋದಲ್ಲಿ ಒಬ್ಬ ಸಣಕಲು ಮನುಷ್ಯ ತಾನು ತಪ್ಪು ಕೋಣೆಗೆ ಬಂದೆನೇನೋ ಎಂಬಂತೆ ನೋಡುತ್ತಿದ್ದ.

ಕೋಣೆಯಲ್ಲಿ ಮೂವರಿದ್ದರು. ತೀರಿಕೊಂಡವರ ಹೆಂಡತಿ. ಎದುರು ಮನೆಯಾಕೆ, ಬಂದವರನ್ನು ಎಣಿಸಲೆಂದು ಬಂದು ಎಣಿಕೆಗೆ ಕೆಲಸವಿಲ್ಲದೆ ಕೂತಿದ್ದವರು. ಮೂರನೆಯವರು ಸತ್ತವರ ಅಣ್ಣ, ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಟಿ.ಸಿ. ಭಾವ. ಟಿಕೆಟ್ ಇಲ್ಲದವನನ್ನು ಕತ್ತಿನ ಹಿಂಭಾಗ ನೋಡಿಯೇ ಹಿಡಿಯುತ್ತಿದ್ದರಂತೆ. ನಿವೃತ್ತರಾದ ಮೇಲೆ ಜಗತ್ತಿನಲ್ಲಿ ಯಾರ ಬಳಿಯೂ ಟಿಕೆಟ್ ಇಲ್ಲವೆಂಬ ನಿರ್ಧಾರಕ್ಕೆ ಬಂದಿದ್ದರು.

ಸಾಹೇಬರು ಹೂವಿಟ್ಟು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಾಗ ಭಾವ ಮಾತಿನ ನಡುವೆ ಇದ್ದರು.

“ನೋಡಮ್ಮ, ಇಲ್ಲಿ ನಿನಗೆ ಅಂತ ಯಾರಿದ್ದಾರೆ? ಇಷ್ಟು ವರ್ಷ ಇದ್ದ ಊರಲ್ಲಿ ಅವನಿಗೆ ಅಂತ ಒಬ್ಬ ಬಂದನಾ? ಮನೆ ಖಾಲಿ ಮಾಡಿ ನಮ್ಮಲ್ಲಿಗೆ ಬಾ. ಹಿಂದಿನ ಕೋಣೇಲಿ ಹೊಲಿಗೆ ಮಿಷನ್ ಇದೆ, ಅದನ್ನ ಸ್ವಲ್ಪ ಸರಿಸಿದರೆ ಮಂಚ ಹಿಡಿಯುತ್ತೆ. ಸೊಸೆ ಕೆಲಸಕ್ಕೆ ಹೋಗ್ತಾಳೆ, ಮೊಮ್ಮಕ್ಕಳನ್ನ ನೋಡ್ಕೊಂಡು ಹಾಯಾಗಿರಬಹುದು.”

ಮಂಚ ಹಿಡಿಯುವಷ್ಟು ಸರಿಯಲಿರುವ ಹೊಲಿಗೆ ಮಿಷನ್ನನ್ನು ಕಣ್ಣ ಮುಂದೆ ತಂದುಕೊಂಡವರಂತೆ ಆಕೆ ನೆಲ ನೋಡುತ್ತಿದ್ದರು. ಇದು ನಮ್ಮಿಬ್ಬರ ಮನೆ, ಇಲ್ಲೇ ಇರುತ್ತೇನೆ ಎಂದು ಮೆಲ್ಲಗೆ ಹೇಳಿದರು. ಒಬ್ಬಳೇ ಹೆಂಗಸು, ಗುರುತು ಪರಿಚಯದವರು ಒಬ್ಬರಿಲ್ಲ, ನಾಳೆ ಜ್ವರ ಬಂದರೆ ನೀರು ಕೊಡುವವರಾರು ಎಂದು ಭಾವ ಕೇಳಿದರು. ನೀರಿನ ಮಾತು ಬಂದಾಗ ನೀರಿನ ಕಚೇರಿಯವರು ಸಹಜವಾಗಿ ತಲೆ ಎತ್ತಿದರು. ಎತ್ತಿದ ಕಣ್ಣು ತೆರೆದ ಬಾಗಿಲಿನಿಂದ ಅಡುಗೆಮನೆಗೆ ಹೋಯಿತು.

ಒಲೆಯ ಮೇಲಿನ ಹಲಗೆಯಲ್ಲಿ, ಉಪ್ಪಿನ ಡಬ್ಬಿಯ ಪಕ್ಕ, ಗೂಬೆ ಕೂತಿತ್ತು. ಕಂದು ಮೈ, ಹಳದಿ ರೆಕ್ಕೆ, ಕಂಕುಳಲ್ಲಿ ಪುಸ್ತಕ. ಕತ್ತಿನ ಮೇಲೆ ಏನೂ ಇರಲಿಲ್ಲ. ತಲೆಯಿರಬೇಕಾದಲ್ಲಿ ಒಂದು ತಟ್ಟೆ ಮುಚ್ಚಿತ್ತು.

ಡಬ್ಬಿ ಸಾಹೇಬರು ಎದ್ದು ನಿಂತರು. ಕೈ ಎದೆಗೆ ಹೋಯಿತು. ಕಣ್ಣಲ್ಲಿ ನೀರು ಬಂತು. ಸಂಗ್ರಹಕಾರರ ಕಣ್ಣಲ್ಲಿ ಎಂಥೆಂಥ ಹೊತ್ತಿನಲ್ಲಿ ನೀರು ಬರುತ್ತದೆ ಎಂಬುದನ್ನು ಅವರ ಹೆಂಡತಿಯರು ಮಾತ್ರ ಬಲ್ಲರು. “ಇಷ್ಟು ವರ್ಷ...” ಎಂದರು. “ಇಷ್ಟು ಹತ್ತಿರದಲ್ಲೇ ಇದ್ದು...”

ಎದುರು ಮನೆಯಾಕೆ ಸೆರಗಿನಿಂದ ಮೂಗು ಒರೆಸಿಕೊಂಡರು. ತೀರಿಕೊಂಡವರ ಹೆಂಡತಿ ಈ ಅಪರಿಚಿತನನ್ನು ಒಂದು ಕ್ಷಣ ದಿಟ್ಟಿಸಿದರು, ಆಮೇಲೆ ಭಾವನ ಕಡೆ ತಿರುಗಿದರು.

“ಇವರಿದ್ದಾರಲ್ಲ, ಭಾವ.”

ಸಾಹೇಬರು ತಲೆಯಾಡಿಸಿದರು. ಅವರು ತಲೆಯಾಡಿಸಿದ್ದು ಗೂಬೆಗೆ. ಆದರೆ ಆಡಿಸಿದ ತಲೆ ಆಡಿಸಿದ್ದೇ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದರು. ಸಾವಿನ ಮನೆಗೆ ಹೋಗಿ ಅಡುಗೆಮನೆ ನೋಡಿ ಬಂದ ಗಂಡನನ್ನು ಆಕೆ ಬಹಳ ಹೊತ್ತು ನೋಡಿದರು. ಕೇಳಿದರೆ ಕೊಡುತ್ತಾರೆ, ಕೇಳಿ ಎಂದರು. ಸಾವಿನ ಮನೆಯಲ್ಲಿ ಜಾಡಿ ಕೇಳುವುದಕ್ಕಾಗುತ್ತದೆಯೇ ಎಂದರು ಸಾಹೇಬರು. ಹಾಗಾದರೆ ಬಿಟ್ಟುಬಿಡಿ ಎಂದರು ಆಕೆ. ಬಿಡುವುದಕ್ಕಾಗುತ್ತದೆಯೇ ಎಂದರು ಇವರು. ಅವರ ದಾಂಪತ್ಯ ಮೊದಲಿನಿಂದಲೂ ಈ ಎರಡು ಪ್ರಶ್ನೆಗಳ ನಡುವಿನ ಜಾಗದಲ್ಲೇ ನಡೆದುಕೊಂಡು ಬಂದಿತ್ತು. ದುಃಖ ಸ್ವಲ್ಪ ಆರಲಿ, ಆಮೇಲೆ ಮೆಲ್ಲಗೆ ಮಾತು ತೆಗೆದರಾಯಿತು ಎಂದು ನಿರ್ಧಾರವಾಯಿತು. ದುಃಖ ಆರಿತೋ ಇಲ್ಲವೋ ನೋಡಲು ಸಾಹೇಬರು ಮರುದಿನವೇ ಹೋದರು.

ದುಃಖ ಆರಿರಲಿಲ್ಲ. ಆದರೆ ಭಾವ ಕಾದು ಕೂತಿದ್ದರು. ತಮ್ಮನ ಸ್ನೇಹಿತ ಎಂದು ಹೇಳಿಕೊಂಡು ಬರುವ ಈತ ಯಾವ ಡಬ್ಬಿಯಲ್ಲಿ ಹತ್ತಿದವನು, ಎಲ್ಲಿಯವರೆಗೆ ಎಂಬುದನ್ನು ತಿಳಿಯದೆ ಅವರಿಗೆ ನಿದ್ದೆ ಬಂದಿರಲಿಲ್ಲ. ಇಬ್ಬರಿಗೂ ಪರಿಚಯ ಎಲ್ಲಾಯಿತು ಎಂದು ಕೇಳಿದರು. ಕಚೇರಿಯ ಮೆಟ್ಟಿಲ ಮೇಲೆ ಎಂದರು ಸಾಹೇಬರು. ಏನು ಮಾತಾಡುತ್ತಿದ್ದಿರಿ ಎಂದರು ಭಾವ. ಅವರು ಹೆಚ್ಚು ಮಾತಾಡುತ್ತಿರಲಿಲ್ಲ ಎಂದರು ಸಾಹೇಬರು. ಭಾವನ ಹುಬ್ಬು ಸ್ವಲ್ಪ ಇಳಿಯಿತು. ಅದು ನಿಜವಾಗಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅವನು ಎಂಥ ಮನುಷ್ಯ ಅನ್ನಿಸಿತು ನಿಮಗೆ ಎಂದು ಭಾವ ಮತ್ತೆ ಕೇಳಿದಾಗ ಸಾಹೇಬರ ಕಣ್ಣು ಅಡುಗೆಮನೆಯಲ್ಲಿತ್ತು, ನಾಲಿಗೆ ಕಣ್ಣನ್ನು ಹಿಂಬಾಲಿಸಿತು.

“ಗಟ್ಟಿ ಆಸಾಮಿ. ದುಂಡಗೆ, ತೂಕವಾಗಿ. ಹೊರಗಡೆ ಹೊಳಪು ಕಮ್ಮಿ, ಆದ್ರೆ ಎಲ್ಲೂ ಒಂದು ಬಿರುಕಿಲ್ಲ. ಯಾವಾಗ್ಲೂ ಕಂಕುಳಲ್ಲಿ ಪುಸ್ತಕ.”

ಭಾವ ಮೇಜಿನ ಮೇಲಿನ ಫೋಟೋ ನೋಡಿದರು. ಸಣಕಲು ಮನುಷ್ಯ ಅವರನ್ನು ವಾಪಸು ನೋಡಿದ. “ನನ್ನ ತಮ್ಮ ದುಂಡಗಿರಲಿಲ್ಲ,” ಎಂದರು. “ಪುಸ್ತಕ ಅವನು ಮುಟ್ಟಿದವನೇ ಅಲ್ಲ.”

ಅಡುಗೆಮನೆಯಿಂದ ಚಹಾ ಲೋಟ ಹಿಡಿದು ಬಂದ ಹೆಂಗಸು ಲೋಟವನ್ನು ಸಾಹೇಬರ ಕೈಗಿಟ್ಟು, ಮುಖ ಎತ್ತದೆ ಹೇಳಿದರು: “ಇತ್ತೀಚೆಗೆ ಓದ್ತಿದ್ರು, ಭಾವ. ಮೈಯೂ ಬಂದಿತ್ತು. ನೀವು ನೋಡಿ ಬಹಳ ದಿನ ಆಗಿತ್ತಲ್ಲ.”

ತಮ್ಮನನ್ನು ನೋಡಿ ಬಹಳ ದಿನವಾಗಿತ್ತು ಎಂಬುದು ಎಂಥ ಟಿ.ಸಿ.ಯೂ ತಪಾಸಣೆ ಮಾಡಲು ಇಷ್ಟಪಡದ ಜಾಗ.

ಇಲ್ಲಿಂದ ಮುಂದೆ ವಿಷಯ ಸಾಹೇಬರ ಕೈಮೀರಿತು. ಎದುರು ಮನೆಯಾಕೆಯ ನಾದಿನಿಯ ಗಂಡ ನೀರಿನ ಕಚೇರಿಯಲ್ಲೇ ಇದ್ದ. ಮರುದಿನ ಮಧ್ಯಾಹ್ನದೊಳಗೆ ಕಚೇರಿಗೆಲ್ಲ ಗೊತ್ತಾಯಿತು: ಡಬ್ಬಿ ಸಾಹೇಬರೂ ಕಿಟಕಿ ಪಕ್ಕದವರೂ ಪ್ರಾಣಸ್ನೇಹಿತರು, ಒಬ್ಬರಿಗೊಬ್ಬರು ಮಾತೇ ಬೇಕಿರಲಿಲ್ಲ, ಅಂಥ ಸ್ನೇಹ. ಕಚೇರಿಯಲ್ಲಿ ಅವರಿಬ್ಬರೂ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ ಎಂಬುದೇ ಅದಕ್ಕೆ ಸಾಕ್ಷಿಯಾಯಿತು. ಮೀಸೆಯವರು ಬಂದು ಹೆಗಲ ಮೇಲೆ ಕೈಯಿಟ್ಟು ಹೋದರು. ಕಿಟಕಿ ಪಕ್ಕದ ಕುರ್ಚಿಗೆ ಆಗಲೇ ಜಾಗ ಬದಲಿಸಿಕೊಂಡಿದ್ದ ಗುಮಾಸ್ತೆಯೊಬ್ಬಳು, ಸಾರ್, ನಿಮಗೆ ಬೇಜಾರಿದ್ದರೆ ಎದ್ದುಬಿಡುತ್ತೇನೆ, ಗಾಳಿ ಚೆನ್ನಾಗಿ ಬರುತ್ತದೆ ಅಂತ ಕೂತೆ ಅಷ್ಟೇ ಎಂದು ಅಳುಮುಖ ಮಾಡಿದಳು. ಸಾಹೇಬರು ಕೂತುಕೊಳ್ಳಮ್ಮ ಎಂದು ಅನುಮತಿ ಕೊಟ್ಟರು. ಇಂಥ ಅಧಿಕಾರ ಅವರಿಗೆ ಬದುಕಿನಲ್ಲಿ ಅದೇ ಮೊದಲು ಸಿಕ್ಕಿದ್ದು.

ಸೂಪರಿಂಟೆಂಡೆಂಟರು ಸಂತಾಪ ಸಭೆ ಕರೆದರು. ಮಾತಾಡಲು ಒಬ್ಬರೇ ಯೋಗ್ಯರಿದ್ದರು. ಸಾಹೇಬರು ಎದ್ದು ನಿಂತರು, ಒಬ್ಬ ಮನುಷ್ಯನ ಬಗ್ಗೆ ಹೇಳಲು ತಮ್ಮಲ್ಲಿ ಏನೇನೂ ಇಲ್ಲ ಎಂಬುದು ಆಗ ಅವರ ಗಮನಕ್ಕೆ ಬಂತು. “ನಮ್ಮ ನಡುವೆ ಒಬ್ಬರಿದ್ದರು,” ಎಂದರು. ಮುಂದೆ ಬಹಳ ಹೊತ್ತು ಏನೂ ತೋಚಲಿಲ್ಲ. “ಈಗ ಇಲ್ಲ,” ಎಂದು ಕೂತರು. ಇಷ್ಟು ಚೆನ್ನಾಗಿ ಈ ಕಚೇರಿಯಲ್ಲಿ ಯಾರೂ ಮಾತಾಡಿಲ್ಲ ಎಂದು ಎಲ್ಲರೂ ಒಪ್ಪಿದರು.

ಹೀಗೆ ಎರಡು ವಾರ ಸಾಹೇಬರು ಸಂಜೆಯ ಹೊತ್ತು ಮೂರು ಮಹಡಿ ಹತ್ತಿ, ಗೂಬೆ ಕಾಣುವ ಕುರ್ಚಿಯಲ್ಲಿ ಕೂತು, ಒಂದು ಚಹಾ ಕುಡಿದು, ಜಾಡಿಯ ಮಾತು ತೆಗೆಯಲಾಗದೆ ಇಳಿದು ಬಂದರು. ಬರೀ ಕೂತಿರುವುದು ಸಂಕೋಚವೆನಿಸಿ ಒಂದು ದಿನ ಸೋರುವ ನಲ್ಲಿ ಸರಿಮಾಡಿದರು, ಇನ್ನೊಂದು ದಿನ ಬಾಗಿಲ ಚಿಲಕ. ಭಾವ ಎದುರಿನ ಕುರ್ಚಿಯಲ್ಲಿ ಕೂತು ಅವರ ಕತ್ತಿನ ಹಿಂಭಾಗ ನೋಡಲು ಅವಕಾಶ ಕಾಯುತ್ತಿದ್ದರು.

ಒಂದು ಸಂಜೆ ಹೋದಾಗ ಕೋಣೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಪ್ಲಾಸ್ಟಿಕ್ ಕುರ್ಚಿಗಳು ವಾಪಸು ಹೋಗಿದ್ದವು. ಭಾವ ಹಗ್ಗ ಹಿಡಿದು ಹಾಸಿಗೆ ಸುತ್ತುತ್ತಿದ್ದರು, ಎದುರು ಮನೆಯಾಕೆ ಪಾತ್ರೆಗಳಿಗೆ ಹಳೆ ಪೇಪರ್ ಸುತ್ತುತ್ತ ತನಗೆ ಬೇಕಾದ್ದನ್ನು ಒಂದು ಕಡೆ ಸರಿಸುತ್ತಿದ್ದರು. ನಾಳೆ ಬೆಳಿಗ್ಗೆ ಲಾರಿ ಬರುತ್ತದೆ, ಮನೆಯ ಮಾಲೀಕನಿಗೂ ಹೇಳಿಯಾಗಿದೆ ಎಂದರು ಭಾವ. ತೀರಿಕೊಂಡವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ತಮ್ಮದೇ ಮನೆಯಲ್ಲಿ ಅತಿಥಿಯಂತೆ.

ಭಾವ ಬೆನ್ನು ನೇರ ಮಾಡಿದರು. “ನೀವು ಬಹಳ ಓಡಾಡಿದ್ರಿ. ಅವನ ನೆನಪಿಗೆ ಏನು ಬೇಕೋ ತಗೊಳ್ಳಿ. ಸಂಕೋಚ ಬೇಡ. ಇದೊಂದು ಮುಗೀಲಿ.”

ಒಲೆಯ ಮೇಲಿನ ಹಲಗೆ ಇನ್ನೂ ಖಾಲಿಯಾಗಿರಲಿಲ್ಲ. ಸಾಹೇಬರ ಕೈ ತಾನಾಗಿಯೇ ಎದ್ದಿತು, ಬೆರಳು ತಾನಾಗಿಯೇ ಚಾಚಿತು. ಆ ಬೆರಳಿನ ಗುರಿಗೂ ಅದರ ಹಿಂದಿದ್ದ ಮನುಷ್ಯನಿಗೂ ನಡುವೆ, ಬಾಗಿಲಲ್ಲಿ, ಆಕೆ ನಿಂತಿದ್ದರು. ಆಕೆ ಬೆರಳನ್ನು ನೋಡಿದರು, ಹಿಂತಿರುಗಿ ಗೂಬೆಯನ್ನು ನೋಡಿದರು, ಮತ್ತೆ ಸಾಹೇಬರ ಮುಖ ನೋಡಿದರು. ಇಷ್ಟು ದಿನ ಬರುತ್ತಿದ್ದದ್ದು ಇದಕ್ಕೋ ಎಂದು ತಿಳಿದ ಮೇಲೂ ಒಂದು ಮಾತಾಡದೆ, ದಾರಿ ಬಿಡುವಂತೆ ಸ್ವಲ್ಪ ಪಕ್ಕಕ್ಕೆ ಸರಿದರು.

ಸರಿಯದಿದ್ದರೆ ಸಾಹೇಬರು ತಗೊಂಡುಬಿಡುತ್ತಿದ್ದರು.

“ಅದನ್ನ ಕಟ್ಟಬೇಡಿ,” ಎಂದರು.

“ಯಾವುದನ್ನ?”

“ಆ ಜಾಡಿ. ಲಾರೀಲಿ ಹೋದ್ರೆ ಉಳಿಯಲ್ಲ. ನನಗೆ ಗೊತ್ತು, ನಾನು ಬಹಳ ನೋಡಿದೀನಿ. ಕೂತಲ್ಲೇ ಕೂತಿದ್ರೆ ನೂರು ವರ್ಷ ಇರತ್ತೆ. ಎತ್ತಿ ಇನ್ನೊಂದು ಕಡೆ ಇಟ್ರೆ, ಅಲ್ಲೇ ಒಂದು ಮೂಲೇಲಿ, ಏನೋ ಒಂದು ಪಕ್ಕಕ್ಕೆ ಸರಿಸಿ ಜಾಗ ಮಾಡಿ ಇಟ್ರೆ, ಒಂದು ದಿನ ಯಾರದೋ ಕೈ ತಾಗಿ ಹೋಗತ್ತೆ. ಮೊದಲೇ ತಲೆ ಹೋಗಿದೆ ಅದಕ್ಕೆ. ಅದು ಇಲ್ಲೇ ಇರಬೇಕು.”

ಟಿ.ಸಿ. ಭಾವನ ಕೈಯ ಹಗ್ಗ ಸಡಿಲವಾಯಿತು. ಮೂವತ್ತು ವರ್ಷದ ಸೇವೆಯಲ್ಲಿ ಅವರು ಎಂಥೆಂಥ ನೆಪ ಕೇಳಿದ್ದರು, ಇಂಥದ್ದನ್ನು ಕೇಳಿರಲಿಲ್ಲ. ಒಂದು ಬಿಸ್ಕತ್ತಿನ ಜಾಡಿಗೋಸ್ಕರ ಮನೆ ಬಾಡಿಗೆ ಕಟ್ಟಿಕೊಂಡಿರಬೇಕಾ ಎಂದು ಕೇಳಿದರು. ಅವರ ಪಿಂಚಣಿ ಬರುತ್ತದಲ್ಲ ಎಂದರು ಸಾಹೇಬರು. ಜ್ವರ ಬಂದರೆ? ನಾನು ಬರುತ್ತೇನೆ. ಗ್ಯಾಸ್ ಮುಗಿದರೆ? ನಾನೇ ಬರುತ್ತೇನೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ತಿಳಿದವರಾಗಿದ್ದರೂ ಆ ಸಂಜೆ ಸಾಹೇಬರ ಬಾಯಿ ಮುಚ್ಚಲಿಲ್ಲ. ಎದುರಿಗೇ ಇರುವ ತನ್ನನ್ನು ಬಿಟ್ಟು ಎಲ್ಲಿಂದಲೋ ಬಂದ ಗಂಡಸೊಬ್ಬ ಇಷ್ಟೆಲ್ಲ ಹೊಣೆ ಹೊರುತ್ತಿರುವುದನ್ನು ಕಂಡು ಎದುರು ಮನೆಯಾಕೆಗೆ ಅವಮಾನವಾಯಿತು. ನಾನೇನು ಸತ್ತಿದ್ದೀನಾ, ಜ್ವರ ಬಂದರೆ ನಾನು ನೋಡುತ್ತೇನೆ ಎಂದು, ಸರಿಸಿಟ್ಟುಕೊಂಡಿದ್ದ ಪಾತ್ರೆಗಳ ಪೇಪರನ್ನು ಬಿಚ್ಚತೊಡಗಿದರು.

ಭಾವ ಎಲ್ಲರನ್ನೂ ಒಮ್ಮೆ ನೋಡಿದರು. ಇಡೀ ಬೋಗಿಯೇ ಟಿಕೆಟ್ ಇಲ್ಲದೆ ಕೂತಿದ್ದರೆ ಟಿ.ಸಿ. ಏನು ಮಾಡಿಯಾನು. ಸರಿ, ತಿಂಗಳಿಗೊಮ್ಮೆ ನಾನೇ ಬಂದು ನೋಡುತ್ತೇನೆ, ಹೇಳದೆ ಕೇಳದೆ ಬರುತ್ತೇನೆ, ಸ್ನೇಹಿತರು ಇದ್ದಾರೋ ಇಲ್ಲವೋ ಎಂದು, ಇಲ್ಲದಿದ್ದರೆ ಆ ಕ್ಷಣವೇ ಲಾರಿ ಎಂದರು. ಮರುದಿನ ಬೆಳಗಿನ ರೈಲಿಗೆ ಹೋದರು.

ಭಾನುವಾರ ಸಾಹೇಬರು ಬಂದಾಗ ಪೆಟ್ಟಿಗೆಗಳೆಲ್ಲ ಬಿಚ್ಚಿದ್ದವು. ಮನೆಯಲ್ಲಿ ಆಕೆಯೊಬ್ಬರೇ. ಅಡುಗೆಮನೆಯ ಸಣ್ಣ ಮೇಜಿಗೆ ಚಹಾ ತಂದಿಟ್ಟು, ಎದುರು ಕೂತು, ಸೆರಗು ಸರಿಮಾಡಿಕೊಂಡರು.

“ಈಗ ಹೇಳಿ. ನೀವು ಯಾರು?”

ಸಾಹೇಬರು ಹೇಳಿದರು. ನಿಮ್ಮ ಯಜಮಾನರ ಮುಖವನ್ನು ನಾನು ಆ ಫೋಟೋದಲ್ಲೇ ಮೊದಲು ನೋಡಿದ್ದು ಎಂದರು. ಮನೆಯಲ್ಲಿರುವ ತಲೆಯ ವಿಷಯ ಹೇಳಿದರು, ಅದರ ಮುಚ್ಚಿದ ಕಣ್ಣಿನ ವಿಷಯ ಹೇಳಿದರು. ಆಕೆ ಆಶ್ಚರ್ಯಪಡಲಿಲ್ಲ. ಅವರಿಗೆ ಸ್ನೇಹಿತರಿದ್ದರೆ ನನಗೆ ಗೊತ್ತಿರುತ್ತಿರಲಿಲ್ಲವೇ ಎಂದರು. ಆ ದಿನ ಭಾವನಿಗೆ ತೋರಿಸಲು ಯಾರೋ ಒಬ್ಬರು ಬೇಕಿತ್ತು, ಕೋಣೆಯಲ್ಲಿ ನೀವು ಅಳುತ್ತಿದ್ದಿರಿ ಎಂದರು.

ಸಾಹೇಬರು ಚಹಾ ಲೋಟ ತಿರುಗಿಸುತ್ತ, ತಲೆ ಎತ್ತದೆ, ಹಾಗಾದರೆ ಆ ಜಾಡಿ... ಎಂದರು.

“ಕೊಡಲ್ಲ,” ಎಂದರು ಆಕೆ. ಸಿಟ್ಟೇನಿರಲಿಲ್ಲ. “ಕೊಟ್ರೆ ನೀವು ಬರಲ್ಲ. ಭಾವ ಬರ್ತಾರೆ.”

ಜಾಡಿಯ ತಟ್ಟೆ ಎತ್ತಿ ಆಕೆ ಎರಡು ಬಿಸ್ಕತ್ತು ತೆಗೆದು ಸಾಹೇಬರ ಮುಂದಿಟ್ಟರು. ಹೊರಗೆ ಯಾರದೋ ಮನೆಯ ಕುಕ್ಕರ್ ಕೂಗಿತು. ಭಾವ ಮುಂದಿನ ಸಲ ಬಂದಾಗ ಮತ್ತೆ ಕೇಳುತ್ತಾರೆ, ಇಬ್ಬರ ಮಾತೂ ಒಂದೇ ಇರಬೇಕು, ದುಂಡಗಿದ್ದರು ಅಂತೆಲ್ಲ ಇನ್ನೊಮ್ಮೆ ಹೇಳಬೇಡಿ ಎಂದರು ಆಕೆ. ಹಾಗಾದರೆ ಅವರು ಹೇಗಿದ್ದರು, ನೀವೇ ಹೇಳಿಕೊಡಿ ಎಂದರು ಸಾಹೇಬರು.

ಆಕೆ ಬಾಯಿ ತೆರೆದರು. ಬಹಳ ಹೊತ್ತು ಯೋಚಿಸಿದರು. ಬೆಳಿಗ್ಗೆ ಹೋಗುತ್ತಿದ್ದರು, ಸಂಜೆ ಬರುತ್ತಿದ್ದರು ಎಂದರು. ಊಟಕ್ಕೆ ಹೀಗಾಯಿತು ಹಾಗಾಯಿತು ಅಂದವರಲ್ಲ ಎಂದರು. ಆಮೇಲೆ ಮುಂದೆ ಏನೂ ಬರಲಿಲ್ಲ. ಬರದೇ ಇದ್ದದ್ದು ಕಂಡು ಆಕೆಯ ಮುಖ ಸಣ್ಣಗಾಯಿತು. ಇಷ್ಟು ದಿನದಲ್ಲಿ ಸಾಹೇಬರು ಆಕೆಯ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು.

“ಹಾಡು ಗೀಡು ಹೇಳ್ತಿದ್ರಾ?” ಎಂದು ಸಾಹೇಬರು ಕೇಳಿದರು.

“ನಾನು ಕೇಳಿಲ್ಲ.”

“ಬಚ್ಚಲಲ್ಲಿ?”

ಆಕೆ ಬಚ್ಚಲಿನ ಬಾಗಿಲ ಕಡೆ ನೋಡಿದರು. “ನೀರಿನ ಸದ್ದು ಜೋರಿರತ್ತೆ. ಹೇಳ್ಕೊಳ್ತಿದ್ರೋ ಏನೋ.”

“ಹೇಳ್ತಿದ್ರು ಅಂತ ಇಟ್ಕೊಳ್ಳೋಣ.”

“ಇಟ್ಕೊಳ್ಳೋಣ,” ಎಂದರು ಆಕೆ, ಕಣ್ಣು ಒರೆಸಿಕೊಂಡು.

“ಚೆನ್ನಾಗಿ ಹೇಳ್ತಿದ್ರಾ?”

“ಅಷ್ಟೊಂದು ಬೇಡ,” ಎಂದರು ಆಕೆ. “ಸುಮಾರಾಗಿ.”